ಹುಳಿಪುಡಿಯ ಕೆಲಸ: ದಾಕ್ಷಿಣ್ಯದ ಗಿರಾಕಿಯಿಂದ ಎರಡನೆಯ ಆರ್ಡರ್‌ವರೆಗೆ

ಜೂನ್ 2024

ಬೆಂಗಳೂರಿನ ತ್ಯಾಗರಾಜನಗರದ ನಮ್ಮ ಮನೆಯಿಂದ ಹುಳಿಪುಡಿ, ಸಾರಿನ ಪುಡಿ ಮತ್ತು ಕಡಲೆಕಾಯಿ ಚಟ್ನಿಪುಡಿ ಮಾರುವ ಕೆಲಸ ಈಗ ಒಂದು ಹದಕ್ಕೆ ಬಂದಿದೆ. ಪುಡಿ ಮಾಡುವ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಅದು ಅತ್ತೆಯವರ ಕೈಯಲ್ಲಿ ಪಳಗಿದ ವಿದ್ಯೆ, ಅವರ ಪಾವು, ಚಟಾಕುಗಳ ಲೆಕ್ಕವನ್ನು ಗ್ರಾಂಗೆ ಇಳಿಸಿ ಪುಸ್ತಕದಲ್ಲಿ ಬರೆದಿಟ್ಟದ್ದಷ್ಟೇ ನನ್ನ ಪಾಲು. ನಮ್ಮ ಮುಖ ನೋಡದವರು ಮುಂಗಡವಾಗಿ ಹಣ ಕೊಟ್ಟು, ನಮ್ಮ ಅಡುಗೆಮನೆಯ ಪದಾರ್ಥವನ್ನು ತಮ್ಮ ಮಕ್ಕಳ ತಟ್ಟೆಗೆ ಧೈರ್ಯವಾಗಿ ಬಡಿಸುವಂತಾಗಲು ಏನೇನು ಮಾಡಬೇಕು ಎಂಬುದೇ ಈ ದಾಖಲೆಯ ವಿಷಯ.

ಸದ್ಯಕ್ಕೆ ಕೊಳ್ಳುತ್ತಿರುವವರಲ್ಲಿ ಹೆಚ್ಚಿನವರು ನೆಂಟರು, ಪರಿಚಯದವರು, ಮಗನ ಶಾಲೆಯ ತಾಯಂದಿರು. ಈ ಮಾರಾಟವನ್ನು ನಾನು ನಂಬಿಕೆಯ ಲೆಕ್ಕಕ್ಕೆ ಹಿಡಿಯುತ್ತಿಲ್ಲ. ದಾಕ್ಷಿಣ್ಯಕ್ಕೆ ಒಂದು ಪೊಟ್ಟಣ ಕೊಂಡವರು ಚೆನ್ನಾಗಿಲ್ಲವೆಂದು ಬಾಯಿಬಿಟ್ಟು ಹೇಳುವುದಿಲ್ಲ, ಚೆನ್ನಾಗಿದ್ದರೂ ಮತ್ತೆ ಕೇಳುತ್ತಾರೆಂಬ ಖಾತ್ರಿಯಿಲ್ಲ. ಆದ್ದರಿಂದ ಪುಸ್ತಕದಲ್ಲಿ ಹೊಸದೊಂದು ಕಾಲಂ ಹಾಕಿದ್ದೇನೆ: ನಾವು ನೆನಪಿಸದೆ ತಾನಾಗಿ ಬಂದ ಎರಡನೆಯ ಆರ್ಡರ್. ಇನ್ನು ಮುಂದೆ ಮಾಡುವ ಪ್ರತಿಯೊಂದು ಕೆಲಸವನ್ನೂ ಆ ಕಾಲಂ ತುಂಬುತ್ತದೆಯೇ ಎಂದು ನೋಡಿಯೇ ಅಳೆಯುವುದೆಂದು ತೀರ್ಮಾನ.

ಕಾಗದಪತ್ರಗಳ ಕೆಲಸ ಹೆದರಿಕೊಂಡಷ್ಟು ಕಷ್ಟವಾಗಲಿಲ್ಲ. ನಾವು ಅರ್ಜಿ ಹಾಕಿದಾಗ, 2011ರ ಆಹಾರ ಪರವಾನಗಿ ನಿಯಮಗಳಂತೆ ವರ್ಷಕ್ಕೆ 12 ಲಕ್ಷ ರೂಪಾಯಿವರೆಗೆ ವಹಿವಾಟಿದ್ದ ಸಣ್ಣ ತಯಾರಕರಿಗೆ ಪರವಾನಗಿ ಬೇಕಿರಲಿಲ್ಲ, ನೋಂದಣಿ ಸಾಕಿತ್ತು. ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಜಾಲತಾಣದಲ್ಲಿ ಅರ್ಜಿ ಹಾಕಿ 14 ಅಂಕಿಗಳ ಸಂಖ್ಯೆ ಪಡೆದೆವು. ಆ ಸಂಖ್ಯೆಯನ್ನು ಯಾರು ಬೇಕಾದರೂ ಅದೇ ಜಾಲತಾಣದಲ್ಲಿ ಹಾಕಿ, ನಾವು ನಿಜಕ್ಕೂ ನೋಂದಾಯಿತರೇ ಎಂದು ನೋಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ಪ್ರಮಾಣಪತ್ರದ ಫೋಟೋ ಕಳಿಸುವುದಕ್ಕಿಂತ, ‘ಈ ಸಂಖ್ಯೆಯನ್ನು ನೀವೇ ಹುಡುಕಿ ನೋಡಿ’ ಎನ್ನುವುದು ಹೆಚ್ಚು ಫಲ ಕೊಡುತ್ತಿದೆ. ಫೋಟೋವನ್ನು ತಿದ್ದಬಹುದೆಂದು ಈಗ ಎಲ್ಲರಿಗೂ ಗೊತ್ತು.

ಆಗಸ್ಟ್

ಲೇಬಲ್ ಮುದ್ರಿಸಲು ಸುಲ್ತಾನ್‌ಪೇಟೆಗೆ ಹೋಗಿದ್ದೆ. ವಿನ್ಯಾಸ ಮಾಡುವ ಹುಡುಗ, ‘ಮೇಡಂ, ಹೋಮ್ ಮೇಡ್, ಪ್ಯೂರ್ ಅಂತ ದೊಡ್ಡದಾಗಿ ಹಾಕೋಣ, ಮಾರ್ಕೆಟ್‌ನಲ್ಲಿ ಓಡೋದೇ ಅದು’ ಎಂದು ಪಟ್ಟು ಹಿಡಿದ. ಜಾಹೀರಾತು ಮತ್ತು ಹೇಳಿಕೆಗಳ ಕುರಿತ 2018ರ ನಿಯಮಗಳು ಇಂಥ ಮಾತುಗಳ ಬಳಕೆಗೆ ಕಡಿವಾಣ ಹಾಕಿವೆ. ‘ಹೋಮ್ ಮೇಡ್’ ಎಂಬುದು ಕೊಳ್ಳುವವರಲ್ಲಿ ತಪ್ಪು ಅಭಿಪ್ರಾಯ ಹುಟ್ಟಿಸುವಂತಿದ್ದರೆ ಅದನ್ನು ಹಾಕುವಂತಿಲ್ಲ. ನಿಯಮವಿಲ್ಲದಿದ್ದರೂ ನಾನು ಒಪ್ಪುತ್ತಿರಲಿಲ್ಲ. ಅಂಗಡಿಯಲ್ಲಿ ಸಾಲಾಗಿ ನಿಂತ ಪೊಟ್ಟಣಗಳೆಲ್ಲ ತಾವು ಶುದ್ಧವೆಂದೇ ಹೇಳಿಕೊಳ್ಳುತ್ತವೆ. ಅಷ್ಟೂ ಪೊಟ್ಟಣಗಳ ಮೇಲಿರುವ ಮಾತನ್ನು ನಮ್ಮದರ ಮೇಲೂ ಬರೆದರೆ ಯಾರು ಓದುತ್ತಾರೆ?

ಆ ಜಾಗದಲ್ಲಿ ಪದಾರ್ಥಗಳ ಪಟ್ಟಿಯನ್ನು ಓದಲು ಸುಲಭವಾಗುವ ಗಾತ್ರದ ಅಕ್ಷರಗಳಲ್ಲಿ ಹಾಕಿಸಿದೆ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿಯೇ ಬರೆಯಬೇಕು. ನಮ್ಮ ಹುಳಿಪುಡಿಯಲ್ಲಿ ಮೊದಲು ಬರುವುದು ಧನಿಯಾ, ಆಮೇಲೆ ಬ್ಯಾಡಗಿ ಮೆಣಸಿನಕಾಯಿ, ಕಡಲೆಬೇಳೆ, ಉದ್ದಿನಬೇಳೆ, ಜೀರಿಗೆ, ಮೆಂತ್ಯ, ಅರಿಶಿನ, ಇಂಗು. ಇಂಗಿನ ಹತ್ತಿರ ಸ್ವಲ್ಪ ನಿಲ್ಲಬೇಕಾಯಿತು. ಅಂಗಡಿಯಲ್ಲಿ ಸಿಗುವ ಇಂಗು ಹೆಚ್ಚಾಗಿ ಬರಿಯ ಇಂಗಲ್ಲ. ಅದಕ್ಕೆ ಅಂಟು ಮತ್ತು ಹಿಟ್ಟು ಬೆರೆಸಿರುತ್ತಾರೆ. ನಾವು ಬಳಸುವ ಡಬ್ಬಿಯನ್ನು ತಿರುಗಿಸಿ ಓದಿದರೆ ಗೋಧಿಹಿಟ್ಟು ಎಂದಿತ್ತು. ಅಂದರೆ ಬೇಳೆ, ಮಸಾಲೆ ಬಿಟ್ಟರೆ ಬೇರೇನೂ ಇಲ್ಲವೆಂದು ನಾವು ಹೇಳಿಕೊಳ್ಳುತ್ತಿದ್ದ ಪುಡಿಯಲ್ಲಿ, ಚಿಟಿಕೆಯಷ್ಟೇ ಆಗಲಿ, ಗೋಧಿಯಿದೆ. ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲೂಟೆನ್ ಎಂಬ ಪ್ರೋಟೀನ್ ಆಗದವರಿಗೆ ಆ ಚಿಟಿಕೆಯೂ ತೊಂದರೆ ಕೊಡಬಹುದು. 2020ರ ಲೇಬಲ್ ನಿಯಮಗಳ ಅಲರ್ಜಿ ಪಟ್ಟಿಯಲ್ಲಿ ಗ್ಲೂಟೆನ್ ಇರುವ ಧಾನ್ಯಗಳೂ ಕಡಲೆಕಾಯಿಯೂ ಸೇರಿವೆ. ಈಗ ಹುಳಿಪುಡಿಯ ಮೇಲೆ ‘ಗೋಧಿ ಇದೆ’ ಎಂದೂ, ಒಂದೇ ಮನೆಯಲ್ಲಿ ಚಟ್ನಿಪುಡಿಯೂ ತಯಾರಾಗುವುದರಿಂದ ‘ಕಡಲೆಕಾಯಿಯ ಅಂಶ ಇರಬಹುದು’ ಎಂದೂ ಅಚ್ಚಾಗಿದೆ. ಇದನ್ನು ಓದಿದವರು ಕೊಳ್ಳದೆ ಹೋದಾರೆಂದು ಅತ್ತೆಯವರಿಗೆ ಅಳುಕು. ಆದರೆ ಜೆ.ಪಿ. ನಗರದ ಒಬ್ಬ ತಾಯಿ ಇದೇ ಸಾಲನ್ನು ನೋಡಿ ಫೋನ್ ಮಾಡಿ, ಇಂಗಿಲ್ಲದ ಪುಡಿ ಮಾಡಿಕೊಡುವಿರಾ ಎಂದು ಕೇಳಿದರು. ಮೆಣಸಿನಕಾಯಿ ಬೀಸುವ ಮಿಲ್ಲಿನಲ್ಲಿ ಗೋಧಿಯನ್ನೂ ಬೀಸುತ್ತಾರೆ, ಆದ್ದರಿಂದ ಇಂಗು ಬಿಟ್ಟರೂ ಭರವಸೆ ಕೊಡಲಾರೆವು ಎಂದೆ. ಅವರು ಮಗನಿಗೆ ಬೇಡವೆಂದು ಹುಳಿಪುಡಿ ಬಿಟ್ಟರು. ತಮಗೂ ಪತಿಗೂ ಎಂದು ಸಾರಿನ ಪುಡಿ ತರಿಸಿಕೊಂಡರು, ಅದರ ಮೇಲೂ ಇದೇ ಸಾಲಿದ್ದುದನ್ನು ತಿಳಿದೇ. ಎರಡನೆಯ ಆರ್ಡರ್‌ನ ಕಾಲಂನಲ್ಲಿ ಈಗ ಅವರ ಹೆಸರೂ ಇದೆ.

ತೂಕದ ವಿಷಯ ಬೇಗ ಮುಗಿಯಿತು. ಅಡುಗೆಗೆಂದು ಕೊಂಡ ಪುಟ್ಟ ತಕ್ಕಡಿಯಲ್ಲಿ ತೂಗಿ ಮಾರುವಂತಿಲ್ಲ. ಕಾನೂನು ಮಾಪನಶಾಸ್ತ್ರ ಇಲಾಖೆ ಪರಿಶೀಲಿಸಿ ಮುದ್ರೆ ಹಾಕಿದ ತಕ್ಕಡಿಯೇ ಆಗಬೇಕು, ಅದನ್ನು ಕಾಲಕಾಲಕ್ಕೆ ಮತ್ತೆ ಮುದ್ರೆ ಹಾಕಿಸಬೇಕು. ಪೊಟ್ಟಣದ ಮೇಲೆ ಎಲ್ಲ ತೆರಿಗೆ ಸೇರಿದ ಬೆಲೆಯ ಜೊತೆಗೆ ಗ್ರಾಂಗೆ ಎಷ್ಟಾಯಿತೆಂಬುದನ್ನೂ ಕಾಣಿಸಬೇಕು. ನಮ್ಮದು 200 ಗ್ರಾಂಗೆ 160 ರೂಪಾಯಿ, ಅಂದರೆ ಗ್ರಾಂಗೆ 80 ಪೈಸೆ. ದೊಡ್ಡ ಕಂಪನಿಗಳ ಪುಡಿಗಿಂತ ಇದು ದುಬಾರಿಯೆಂಬುದು ಹೀಗೆ ಬರೆದಾಗ ಎದ್ದು ಕಾಣುತ್ತದೆ. ಕಾಣಲಿ. ಬೆಲೆ ಕೇಳಿ ಹಿಂದೆ ಸರಿಯುವವರು ಮೊದಲೇ ಸರಿದರೆ ಇಬ್ಬರಿಗೂ ಒಳ್ಳೆಯದು.

ಅಕ್ಟೋಬರ್

ಹಣ ಪಾವತಿಯ ಹಂತದಲ್ಲಿ ಅನೇಕರು ಸುಮ್ಮನಾಗುತ್ತಿದ್ದರು. ಕಾರಣ ತಿಳಿದದ್ದು ವಿಜಯನಗರದ ಹಿರಿಯರೊಬ್ಬರ ಫೋನಿನಿಂದ: ‘ನೋಡಮ್ಮಾ, ಸ್ಕ್ಯಾನ್ ಮಾಡಿದ್ರೆ ಯಾವುದೋ ಗಂಡಸಿನ ಹೆಸರು ಬರ್ತಿದೆ. ಹಾಕ್ಲಾ, ಬೇಡ್ವಾ?’ ಪೊಟ್ಟಣದ ಮೇಲೆ ಒಂದು ಹೆಸರು, ಮಾತನಾಡುವವಳು ನಾನು, ಪರದೆಯ ಮೇಲೆ ನಮ್ಮ ಯಜಮಾನರ ಹೆಸರು. ವಂಚನೆಯ ಸುದ್ದಿಯನ್ನು ದಿನವೂ ಓದುವ ಊರಿನಲ್ಲಿ ಅವರು ಅನುಮಾನಪಟ್ಟದ್ದೇ ಸರಿ. ಸಣ್ಣ ಉದ್ಯಮಗಳಿಗೆಂದು ಸರ್ಕಾರ ಮಾಡುವ ಉದ್ಯಮ್ ನೋಂದಣಿ ಆಧಾರ್ ಮೂಲಕ ಉಚಿತವಾಗಿ ಆಗುತ್ತದೆ. ಆ ಪ್ರಮಾಣಪತ್ರವನ್ನೂ ಆಹಾರ ನೋಂದಣಿಯನ್ನೂ ತೋರಿಸಿ ವ್ಯವಹಾರದ ಹೆಸರಿನಲ್ಲೇ ಚಾಲ್ತಿ ಖಾತೆ ತೆರೆದೆ, ಅದಕ್ಕೆ ವ್ಯಾಪಾರಿ ಕ್ಯೂಆರ್ ಪಡೆದೆ. ಈಗ ಪೊಟ್ಟಣ, ಪರದೆ, ರಸೀದಿ ಮೂರರಲ್ಲೂ ಒಂದೇ ಹೆಸರು. ಈ ಆರು ತಿಂಗಳಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಟ್ಟ ಬದಲಾವಣೆ ಇನ್ನೊಂದಿಲ್ಲ.

ಮನೆಯ ವಿಳಾಸದ ಪ್ರಶ್ನೆ ಮಾತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ. ಲೇಬಲ್ ಮೇಲೆ ತಯಾರಕರ ವಿಳಾಸ ಇರಲೇಬೇಕು, ಇದೆ. ಆದರೆ ಗೂಗಲ್ ನಕ್ಷೆಯಲ್ಲಿ ಅದನ್ನು ಮರೆಮಾಡಿ, ಬರಿಯ ಸೇವೆಯ ಪ್ರದೇಶ ತೋರಿಸಿದ್ದೇನೆ. ಗಿರಾಕಿಗಳು ಮನೆಗೆ ಬರುವ ಏರ್ಪಾಡಿಲ್ಲದ ವ್ಯವಹಾರಗಳಿಗೆ ಅಲ್ಲಿ ಆ ಅವಕಾಶವಿದೆ. ಹಗಲೆಲ್ಲ ಮನೆಯಲ್ಲಿ ಅತ್ತೆಯವರೊಬ್ಬರೇ ಇರುವಾಗ ಅಪರಿಚಿತರು ಬಾಗಿಲು ತಟ್ಟುವುದು ನನಗೆ ಬೇಕಿಲ್ಲ. ಅನಿಸಿಕೆ ಬರೆದವರಿಗೆ ರಿಯಾಯಿತಿ ಕೊಡಿ ಎಂಬ ಸಲಹೆಯನ್ನೂ ಕೈಬಿಟ್ಟೆ. ಗೂಗಲ್ ಅದನ್ನು ಒಪ್ಪುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೊಟ್ಟು ಬರೆಸಿಕೊಂಡ ಹೊಗಳಿಕೆ ಮತ್ತೆ ದಾಕ್ಷಿಣ್ಯದ ಲೆಕ್ಕಕ್ಕೇ ಸೇರುತ್ತದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದೂರು ಬಂತು: ಪುಡಿ ಗಂಟುಗಟ್ಟಿದೆ ಎಂದು. ದೂರು ತಲುಪಿದೆಯೆಂದು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂಬುದು ಇ-ಕಾಮರ್ಸ್ ಕುರಿತ 2020ರ ನಿಯಮಗಳಲ್ಲಿರುವ ಗಡುವು. ನಾನು ಅಂದೇ ಉತ್ತರಿಸಿ ಬ್ಯಾಚ್ ಸಂಖ್ಯೆ ಕೇಳಿದೆ. ಪ್ರತಿ ಬ್ಯಾಚಿನಿಂದ ಒಂದು ಪೊಟ್ಟಣವನ್ನು ಮಾರದೆ, ದಿನಾಂಕ ಬರೆದು, ಅಟ್ಟದ ಮೇಲಿನ ಸ್ಟೀಲ್ ಡಬ್ಬಿಯಲ್ಲಿ ಎತ್ತಿಡುತ್ತೇವೆ. ಅದನ್ನು ಇಳಿಸಿ, ಬಿಳಿಯ ಕಾಗದದ ಮೇಲೆ ಸುರಿದು, ಬೆರಳಿನಿಂದ ಹರಡಿ ನೋಡಿದೆವು: ಮರಳಿನಂತೆ ಉದುರುದುರಾಗಿತ್ತು, ಕಾಗದಕ್ಕೆ ಎಲ್ಲಿಯೂ ಅಂಟಲಿಲ್ಲ. ತೇವ ಸೇರಿದ್ದು ನಮ್ಮಲ್ಲಿಂದ ಹೊರಟ ಮೇಲೆ ಎಂದು ಗೊತ್ತಾಯಿತು. ಆದರೂ ಹೊಸ ಪೊಟ್ಟಣ ಕಳಿಸಿ, ಎತ್ತಿಟ್ಟ ಪುಡಿಯ ಫೋಟೋವನ್ನೂ ಜೊತೆಗೆ ಹಾಕಿ, ಹೀಗಿದೆ ನೋಡಿ ಎಂದಷ್ಟೇ ಬರೆದೆ. ನಿಮ್ಮ ಚಮಚ ಒದ್ದೆಯಿತ್ತೇ ಎಂದು ಕೇಳಲಿಲ್ಲ. ಮುಂದಿನ ಅಚ್ಚಿನಿಂದ ಲೇಬಲ್ಲಿನಲ್ಲಿ ‘ಒಣ ಚಮಚವನ್ನೇ ಬಳಸಿ’ ಎಂಬ ಸಾಲು ಸೇರಿದೆ.

ಡಿಸೆಂಬರ್

ಹೊಸೂರಿನಿಂದ ಕೇಳಿದವರಿಗೆ ಇಲ್ಲವೆನ್ನಬೇಕಾಗಿದೆ. ಅತ್ತಿಬೆಲೆ ದಾಟಿದರೆ ತಮಿಳುನಾಡು. ರಾಜ್ಯದೊಳಗೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯಿಂದ ವಿನಾಯಿತಿಯಿದ್ದರೂ, ಗಡಿಯಾಚೆಗೆ ಮಾರುವವರಿಗೆ ಅದಿಲ್ಲ. ‘ಯಾರಿಗೆ ಗೊತ್ತಾಗುತ್ತೆ ಬಿಡಿ’ ಎಂದವರಿದ್ದಾರೆ. ತಿಂಗಳ ಲೆಕ್ಕಪತ್ರದ ಹೊರೆ ಹೊರಲು ಸಿದ್ಧವಾದ ದಿನ ಅವರಿಗೂ ಕಳಿಸುತ್ತೇವೆ.

ಈಗಿನ ಬ್ಯಾಚಿನ ಬಣ್ಣ ತುಸು ಮಾಸಲು. ಬ್ಯಾಡಗಿಯ ಹೊಸ ಬೆಳೆ ಇನ್ನೂ ಯಶವಂತಪುರದ ಸಗಟು ಮಾರುಕಟ್ಟೆಯ ಯಾರ್ಡಿಗೆ ಸರಿಯಾಗಿ ಇಳಿದಿಲ್ಲ. ಸಿಗುತ್ತಿರುವುದು ಶೈತ್ಯಾಗಾರದಲ್ಲಿದ್ದ ಹಳೆಯ ಕಾಯಿ. ಖಾರ ಕಡಿಮೆ, ಬಣ್ಣ ಹೆಚ್ಚು ಎಂದೇ ಹೆಸರಾದ ಕಾಯಿಯಾದ್ದರಿಂದ, ಬಣ್ಣ ಇಳಿದರೆ ಸಾರಿನ ಪಾತ್ರೆಯಲ್ಲಿ ಮೊದಲ ನೋಟಕ್ಕೇ ತಿಳಿಯುತ್ತದೆ. ಕೃತಕ ಬಣ್ಣದ ಮಾತೇ ಇಲ್ಲ. ಪ್ರತಿ ಪೊಟ್ಟಣದ ಜೊತೆಗೂ ಕಾರಣ ತಿಳಿಸುವ ಚೀಟಿ ಇಟ್ಟೆವು. ದೂರು ಒಂದೂ ಬರಲಿಲ್ಲ, ಬದಲಿಗೆ ಹೊಸ ಕಾಯಿ ಬಂದಾಗ ತಿಳಿಸಿ, ಅರ್ಧ ಕಿಲೋ ಬೇಕು ಎಂದವರು ಹಲವರು. ಅವರನ್ನೂ ಕಾಲಂಗೆ ಸೇರಿಸಲೇ ಎಂಬ ಚರ್ಚೆ ಮನೆಯಲ್ಲಿ ನಡೆದಿದೆ. ಹಣ ಬಂದ ಮೇಲೆ ಸೇರಿಸೋಣ ಎಂಬುದು ಅತ್ತೆಯವರ ತೀರ್ಪು.

ಬಿಸಿಬೇಳೆಬಾತಿನ ಪುಡಿಗೆ ಬೇಡಿಕೆಯಿದೆ, ಆರಂಭಿಸಿಲ್ಲ. ಅದರಲ್ಲಿ ಕೊಬ್ಬರಿ ಇರುತ್ತದೆ, ಕೊಬ್ಬರಿಯ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಎಷ್ಟು ದಿನ ಚೆನ್ನಾಗಿರುತ್ತದೆಂದು ತಿಳಿಯದೆ ಪೊಟ್ಟಣದ ಮೇಲೆ ‘ಇಂಥ ದಿನಾಂಕದೊಳಗೆ ಬಳಸಿ’ ಎಂದು ಬರೆಯಲಾರೆ. ಪ್ರಯೋಗಕ್ಕೆಂದು ಮಾಡಿದ ಪೊಟ್ಟಣಗಳು ಈಗ ಅಟ್ಟದಲ್ಲಿವೆ, ತಿಂಗಳಿಗೊಂದನ್ನು ಒಡೆದು ಮೂಸಿ, ರುಚಿ ನೋಡಿ ಬರೆದಿಡುತ್ತಿದ್ದೇವೆ. ಯುಗಾದಿಯ ಹೊತ್ತಿಗೆ ಲೆಕ್ಕ ಸಿಕ್ಕರೆ, ಮಾನ್ಯತೆ ಪಡೆದ ಪ್ರಯೋಗಾಲಯಕ್ಕೂ ಒಂದು ಮಾದರಿ ಕಳಿಸಿ, ಆಮೇಲೆ ಲೇಬಲ್ ಅಚ್ಚಿಗೆ ಕೊಡುವುದು.