ದಿನಕ್ಕೆ ಇಪ್ಪತ್ತು ಲಡಿ

2022ರ ಆಗಸ್ಟ್ 12, ಶುಕ್ರವಾರ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಧಾರವಾಡದಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಚಿಗವ್ವನ ಊರಿಗೆ ಹೋದೆ. ಚೀಲದಲ್ಲಿ ಆಫೀಸಿನಲ್ಲಿ ಕೊಟ್ಟ ಒಂದು ಬಾವುಟ ಇತ್ತು. ಸ್ವಾತಂತ್ರ್ಯ ಬಂದು 75 ವರ್ಷ ಆಗುತ್ತಿತ್ತು. ಮನೆ ಮನೆಯಲ್ಲೂ ತ್ರಿವರ್ಣ ಹಾರಿಸಿ ಅಂತ ಸರ್ಕಾರ ಕರೆ ಕೊಟ್ಟಿತ್ತು. ಅಂಚೆ ಕಚೇರಿಯಲ್ಲಿ 25 ರೂಪಾಯಿ ಕೊಟ್ಟರೆ ಒಂದು ಸಿಗುತ್ತಿತ್ತು.

ಮನೆಗೆ ಬೀಗ ಹಾಕಿತ್ತು. ಈ ಹೊತ್ತಿಗೆ ಚಿಗವ್ವ ಎಲ್ಲಿರುತ್ತಾಳೆ ಅಂತ ನನಗೆ ಗೊತ್ತು. ಚೀಲ ಹೊತ್ತುಕೊಂಡು ಸೀದಾ ಖಾದಿ ನೂಲುವ ಕೇಂದ್ರಕ್ಕೇ ನಡೆದೆ.

ಹಂಚಿನ ಮಾಡಿನ ಉದ್ದನೆಯ ಕೋಣೆ. ಎರಡು ಸಾಲು ಚರಕ. ಅರ್ಧದಷ್ಟು ಚರಕಗಳ ಮುಂದೆ ಯಾರೂ ಇರಲಿಲ್ಲ. ಕೂತಿದ್ದವರೆಲ್ಲ ಹೆಂಗಸರು, ನಲವತ್ತು ದಾಟಿದವರೇ ಜಾಸ್ತಿ. ಹತ್ತಿಯ ಎಳೆ ತಲೆಗೂದಲಿಗೆ, ಹುಬ್ಬಿಗೆ ಅಂಟಿಕೊಂಡು ಎಲ್ಲರೂ ಒಂದೇ ವಯಸ್ಸಿನವರ ಥರ ಕಾಣುತ್ತಿದ್ದರು.

"ಬಾರವ್ವಾ, ಕೂಡ್ರು. ಚಾ ಕುಡದಿ ಏನು?" ಅಂದಳು ಚಿಗವ್ವ. ಕೈ ಮಾತ್ರ ನಿಲ್ಲಲಿಲ್ಲ.

ಅದು ಎಂಟು ಕದರಿನ ಚರಕ, ಅಂದರೆ ಒಟ್ಟಿಗೇ ಎಂಟು ಎಳೆ ನೂಲುವಂಥದ್ದು. ಬಲಗೈ ಹಿಡಿಕೆ ತಿರುಗಿಸುತ್ತದೆ. ಕಣ್ಣು ಎಂಟೂ ಎಳೆಗಳ ಮೇಲೆ ಓಡಾಡುತ್ತದೆ. ಒಂದು ಎಳೆ ಹರಿದರೆ ಎಡಗೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಹರಿದ ತುದಿಯನ್ನು ಹಂಜಿಗೆ, ಅಂದರೆ ನೂಲಲು ಹದ ಮಾಡಿದ ಹತ್ತಿಯ ಎಳೆಗೆ ಮುಟ್ಟಿಸಿ, ಹೆಬ್ಬೆರಳಲ್ಲಿ ಹೊಸೆದರೆ ಮುಗಿಯಿತು. ನೋಡುತ್ತಾ ಕೂತವರಿಗೆ ಎಲ್ಲಿ ಹರಿಯಿತು, ಎಲ್ಲಿ ಕೂಡಿತು ಅಂತ ಗೊತ್ತೇ ಆಗುವುದಿಲ್ಲ. ನಾನೂ ಒಂದು ಸಲ ಹಿಡಿಕೆ ಹಿಡಿದೆ. ನಾಲ್ಕು ಸುತ್ತಿಗೆ ಮೂರು ಎಳೆ ಹೋದವು. "ಮಳಿಗಾಲದಾಗ ನೂಲು ಭಾಳ ಹರಿಯಂಗಿಲ್ಲ ಯವ್ವಾ, ಬ್ಯಾಸಗ್ಯಾಗ ಬಂದಿದ್ದರ ನಿನಗ ತಿಳೀತಿತ್ತು" ಅಂದಳು.

ಒಂದು ಲಡಿ ಅಂದರೆ ಸಾವಿರ ಮೀಟರ್ ನೂಲು. ಚಿಗವ್ವ ದಿನಕ್ಕೆ ಇಪ್ಪತ್ತು ಲಡಿ ತೆಗೆಯುತ್ತಾಳೆ. ಅಂದರೆ ಇಪ್ಪತ್ತು ಕಿಲೋಮೀಟರ್. ಧಾರವಾಡದಿಂದ ಹುಬ್ಬಳ್ಳಿಗೆ ಸರಿಸುಮಾರು ಅಷ್ಟೇ ದೂರ. ಕಾಕಾ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ, ಹಬ್ಬ ಹುಣ್ಣಿಮೆ ಬಿಟ್ಟು ಹೆಚ್ಚುಕಡಿಮೆ ಪ್ರತಿದಿನ ಅವಳು ಧಾರವಾಡದಿಂದ ಹುಬ್ಬಳ್ಳಿಯವರೆಗೆ ನೂಲು ಎಳೆದಿದ್ದಾಳೆ.

ಆಗ ಲಡಿಗೆ ಏಳೂವರೆ ರೂಪಾಯಿ ಕೂಲಿ. ಇಪ್ಪತ್ತಕ್ಕೆ 150. ಅದರ ಮೇಲೆ ಪ್ರೋತ್ಸಾಹಧನ ಅಂತ ಒಂದಿಷ್ಟು ಬರಬೇಕು, ಬಂದಾಗ ಬಂತು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 309 ರೂಪಾಯಿ ಇತ್ತು. ಕೆರೆಯ ಹೂಳು ಎತ್ತಿದರೆ ಇದರ ಎರಡರಷ್ಟು ಸಿಗುತ್ತಿತ್ತು. ಯಾಕೆ ಹೋಗುವುದಿಲ್ಲ ಅಂತ ಕೇಳಿದೆ.

"ಹೋಗಿದ್ನೆಲ್ಲಾ, ಒಂದು ವರ್ಷ. ಬಿಸಲಾಗ ಮಣ್ಣ ಹೊತ್ತು ನಡಾ ಹಿಡಕೊಂತು. ಇಲ್ಲಾದ್ರ ನೆಳ್ಳಾಗ ಕುಂತು ಮಾಡತೀನಿ. ಅದಲ್ದ ಖಾತ್ರಿ ಕೆಲಸ ವರ್ಷಾನಗಟ್ಲೆ ಎಲ್ಲಿರತೈತಿ?"

ಪಕ್ಕದ ಚರಕದವರು ನಗುತ್ತಾ ಹೇಳಿದರು, ಅವರ ಸೊಸೆ ಒಂದೇ ವಾರ ಬಂದು ಬಿಟ್ಟಳಂತೆ. ಈಗ ಧಾರವಾಡದಲ್ಲಿ ಬಟ್ಟೆ ಅಂಗಡಿಗೆ ಹೋಗುತ್ತಾಳೆ. ಆ ಹುಡುಗಿಯದ್ದು ತಪ್ಪು ಅಂತ ನಾನು ಹೇಗೆ ಹೇಳಲಿ? ನಾನೂ ಹೀಗೇ ಊರು ಬಿಟ್ಟು ಬೆಂಗಳೂರಿಗೆ ಹೋದವಳೇ ಅಲ್ವಾ.

ಕೋಣೆಯ ಮೂಲೆಯಲ್ಲಿ ಹಂಜಿಯ ಚೀಲಗಳಿದ್ದವು. ಚಿತ್ರದುರ್ಗದಿಂದ ಬಂದಿದ್ದು. ಖಾದಿಗೆ ಬೇಕಾದ ಹಂಜಿ ಮಾಡುವ ದೊಡ್ಡ ಘಟಕ ಅಲ್ಲಿದೆ. ನಮ್ಮದು ಎರೆ ಹೊಲ, ಅಜ್ಜನ ಕಾಲದಲ್ಲಿ ಜಯಧರ ಅನ್ನುವ ತಳಿಯ ಹತ್ತಿ ಬೆಳೆಯುತ್ತಿದ್ದರು. ಊರ ಹತ್ತಿ ಊರ ರಾಟಿಗೆ ಬರುವುದು ನಿಂತು ಬಹಳ ಕಾಲ ಆಯಿತು. ಬ್ರಿಟಿಷರು 1840ರ ದಶಕದಲ್ಲೇ ಧಾರವಾಡದ ಸುತ್ತ ಅಮೆರಿಕದ ಹತ್ತಿಬೀಜ ತಂದು ಬಿತ್ತಿಸಿದರು. ಅವರಿಗೆ ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳಿಗೆ ಒಗ್ಗುವ ಉದ್ದ ಎಳೆ ಬೇಕಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆಯೂ ಬಿತ್ತು. ನಮ್ಮ ಹತ್ತಿ ಹಡಗು ಹತ್ತಿ ಹೋಗಿ ಬಟ್ಟೆಯಾಗಿ ವಾಪಸ್ಸು ಬರುತ್ತಿತ್ತು. ಅದಕ್ಕೇ ಅಲ್ವಾ ಗಾಂಧೀಜಿ ರಾಟಿ ಹಿಡಿಸಿದ್ದು. ಆ ರಾಟಿಯ ಮುಂದೆ ಚಿಗವ್ವ ಇನ್ನೂ ಕೂತಿದ್ದಾಳೆ.

ಮಧ್ಯಾಹ್ನ ಮನೆಗೆ ಬಂದು ರೊಟ್ಟಿ ಝುಣಕ ಉಂಡೆವು. ಪಂಚಮಿಯ ಶೇಂಗಾ ಉಂಡಿ ಡಬ್ಬಿಯ ತಳದಲ್ಲಿ ನಾಲ್ಕು ಉಳಿದಿದ್ದವು, ನನಗಂತಲೇ ಇಟ್ಟಿದ್ದಳು. ತಿನ್ನುತ್ತಾ ಚೀಲದಿಂದ ಬಾವುಟ ತೆಗೆದು ಅವಳ ಕೈಗೆ ಕೊಟ್ಟೆ.

ಚಿಗವ್ವ ಅದರ ಅಂಚನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕಿದಳು. "ಇದು ಹತ್ತಿ ಅಲ್ಲ."

"ಅಲ್ಲ ಚಿಗವ್ವಾ, ಪಾಲಿಯೆಸ್ಟರ್."

ಅವಳಿಗೆ ಬೇಜಾರಾಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ. "ಚಲೋ ಆತು ಬಿಡು, ಮಳ್ಯಾಗ ತೊಯ್ದರ ಲಗೂನ ಒಣಗತೈತಿ" ಅಂದಳು. ಪಕ್ಕದ ಮನೆಯ ಹುಡುಗನನ್ನು ಕೂಗಿದಳು. ನಾಳೆ ಬೆಳಿಗ್ಗೆ ಮಾಳಿಗೆ ಹತ್ತಿ ಕಟ್ಟಬೇಕು, ಗಟ್ಟಿಯಾದ ಕೋಲು ಹುಡುಕಿ ಇಡು ಅಂತ ಹೇಳಿದಳು. ಬಾವುಟವನ್ನು ಮೊಣಕಾಲ ಮೇಲೆ ಹಾಸಿಕೊಂಡು ಎಷ್ಟೋ ಹೊತ್ತು ನೋಡುತ್ತಾ ಕೂತಳು. ಅವಳ ಮುಖದಲ್ಲಿ ನಿಜವಾದ ಖುಷಿ ಇತ್ತು.

"ನಿನ್ನ ಹತ್ರ ಖಾದಿದು ಇಲ್ಲೇನು?"

"ನನ್ನ ಹತ್ರ ಎಲ್ಲಿಂದ ಬರಬೇಕು?"

ಇಪ್ಪತ್ತೆರಡು ವರ್ಷ ನೂತವಳು. ಅದರಲ್ಲಿ ಬಾವುಟದ ಬಟ್ಟೆಗೂ ಒಂದಿಷ್ಟು ಹೋಗಿರಬೇಕು. ಆದರೂ ಅವಳ ಮನೆಯಲ್ಲಿ ಒಂದು ಖಾದಿ ಬಾವುಟ ಇರಲಿಲ್ಲ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮೊದಲು ಬಾವುಟ ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಬಟ್ಟೆಯದ್ದೇ ಆಗಿರಬೇಕು ಅಂತ ನಿಯಮ ಇತ್ತು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದಿ, ಯಂತ್ರದಲ್ಲಿ ಮಾಡಿದ್ದೂ ಆಗಬಹುದು, ಪಾಲಿಯೆಸ್ಟರೂ ಆಗಬಹುದು ಅಂದರು. ಕೋಟಿಗಟ್ಟಲೆ ಬಾವುಟವನ್ನು ಕೆಲವೇ ತಿಂಗಳಲ್ಲಿ ಕೈಮಗ್ಗದಲ್ಲಿ ಮಾಡಲು ಆಗುವುದಿಲ್ಲ, ಒಪ್ಪುತ್ತೇನೆ. ಬಡವರ ಮನೆಯ ಮೇಲೂ 25 ರೂಪಾಯಿಯ ಬಾವುಟ ಹಾರಿದ್ದು ನನಗೆ ಇಷ್ಟವೇ. ಆದರೆ ಶಾಲೆ, ಪಂಚಾಯಿತಿ, ಕಚೇರಿಗಳಿಗಾದರೂ ಖಾದಿಯದ್ದೇ ಇರಲಿ ಅಂತ ಉಳಿಸಬಹುದಿತ್ತು. ಅಷ್ಟು ಬೇಡಿಕೆ ಇದ್ದರೆ ಆ ಕೋಣೆಯ ಖಾಲಿ ಚರಕಗಳ ಮುಂದೆ ಯಾರಾದರೂ ಬಂದು ಕೂರುತ್ತಿದ್ದರು.

ಶನಿವಾರ ಬೆಳಿಗ್ಗೆ ಮಾಳಿಗೆಯ ಮೇಲೆ ಬಾವುಟ ಏರಿದ್ದು ನೋಡಿಕೊಂಡು ಹುಬ್ಬಳ್ಳಿಯ ಬೆಂಗೇರಿಗೆ ಹೋದೆ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಿಂದ ಇರುವುದು ಅಲ್ಲೇ. ದೇಶದ ದೊಡ್ಡ ದೊಡ್ಡ ಕಟ್ಟಡಗಳ ಮೇಲೆ ಹಾರುವ ಖಾದಿ ಬಾವುಟ ಹೋಗುವುದು ಇಲ್ಲಿಂದ. ಬಟ್ಟೆ ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ ನೇಯ್ದು ಬರುತ್ತದೆ. ಒಟ್ಟು ಒಂಬತ್ತು ಅಳತೆ. ದೊಡ್ಡದು 21 ಅಡಿ ಉದ್ದ 14 ಅಡಿ ಅಗಲ. ಚಿಕ್ಕದು ಅಂಗೈ ಮೇಲೆ ಹಿಡಿಸುವಂಥದ್ದು. ಚಕ್ರದ 24 ಗೆರೆಗಳನ್ನು ಬಟ್ಟೆಯ ಎರಡೂ ಬದಿಗೆ ಅಚ್ಚು ಹಾಕಬೇಕು, ಒಂದರ ಹಿಂದೆ ಒಂದು ಕರಾರುವಾಕ್ಕಾಗಿ ಕೂರಬೇಕು. ಸ್ವಲ್ಪ ಸರಿದರೂ ಆ ಬಾವುಟ ನಡೆಯುವುದಿಲ್ಲ. ಹೊಲಿಯುವವರೂ ಹೆಚ್ಚಾಗಿ ಹೆಂಗಸರೇ.

ಹುಬ್ಬಳ್ಳಿಗೂ ಬಾವುಟಕ್ಕೂ ನಂಟು ಹಳೆಯದು. 1923ರ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಸ್ವಾತಂತ್ರ್ಯ ಹೋರಾಟಗಾರ ಡಾ. ನಾ. ಸು. ಹರ್ಡೀಕರ್ ಹುಬ್ಬಳ್ಳಿಯ ಹುಡುಗರನ್ನು ಕರೆದುಕೊಂಡು ಹೋಗಿ ಜೈಲು ಸೇರಿದರು. ಬಾವುಟ ಹಿಡಿದು ನಡೆಯುವುದೇ ಆಗ ಅಪರಾಧ. ಮಳಿಗೆಯಲ್ಲಿ ದುಡ್ಡು ಕೊಟ್ಟು ಬಾವುಟ ಕೈಗೆ ತೆಗೆದುಕೊಳ್ಳುವಾಗ ಅದೇ ನೆನಪಾಯಿತು.

ಸಂಜೆ ಊರಿಗೆ ಬಂದಾಗ ಚಿಗವ್ವ ಕೇಂದ್ರದಿಂದ ಆಗಷ್ಟೇ ಬಂದಿದ್ದಳು. ಬಾವುಟ ಕೊಟ್ಟೆ. ಅವಳು ಅದನ್ನು ಬಿಚ್ಚಲು ಹೋದವಳು ನಿಲ್ಲಿಸಿ, ಮೊದಲು ಕೈ ತೊಳೆದು ಬಂದಳು. ಆಮೇಲೆ ಬಾಗಿಲ ಬೆಳಕಿಗೆ ಹಿಡಿದು, ಬಿಳಿಯ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಹೋದಳು. ಒಂದು ಕಡೆ ಬೆರಳು ನಿಂತಿತು.

"ನೋಡಿಲ್ಲಿ. ಇಲ್ಲಿ ಎಳಿ ಹರದಿತ್ತು."

ನಾನು ಬಗ್ಗಿ ನೋಡಿದೆ. ನನಗೇನೂ ಕಾಣಲಿಲ್ಲ.

"ಯಾರೋ ಭಾಳ ಚಂದ ಕೂಡಿಸ್ಯಾರ" ಅಂದಳು ಚಿಗವ್ವ. ಬೆರಳು ಅಲ್ಲಿಂದ ತೆಗೆಯಲೇ ಇಲ್ಲ.