ಸಂಯೋಜಕ ಅಂಗಾಂಶದ ಸ್ಲೈಡ್‌ಗಳು: ಎಲ್ಲಿಗೆ ಬಂತು ಕೆಲಸ

ದೇಹದ ಭಾಗಗಳನ್ನು ಜೋಡಿಸಿ ಆಧಾರ ಕೊಡುವುದು ಸಂಯೋಜಕ ಅಂಗಾಂಶ. ಅದರ ಬಗೆಗಳನ್ನು ಮನೆಯಲ್ಲೇ ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದೇನೆ. ಟೆಂಡನ್, ಕಾರ್ಟಿಲೇಜ್ (ಮೃದ್ವಸ್ಥಿ), ಕೊಬ್ಬು, ರಕ್ತ ಮುಗಿದವು. ಕೋಳಿ ಮೂಳೆ ಇನ್ನೂ ವಿನೆಗರ್‌ನಲ್ಲಿದೆ. ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟುವ ಪಟ್ಟಿ) ಬಾಕಿ.

ಮನುಷ್ಯನ ಅಂಗಾಂಶ ಮನೆಗೆ ತರುವ ಹಾಗಿಲ್ಲ. ಹಾಗಾಗಿ ಇಲ್ಲಿ ಮುಂಬೈಯ ಮುಲುಂಡ್‌ನ ಮಟನ್ ಅಂಗಡಿಯೇ ಗತಿ. ಆಡು, ಕೋಳಿಗಳಲ್ಲೂ ಮೂಲ ರಚನೆ ಹೆಚ್ಚುಕಮ್ಮಿ ನಮ್ಮದೇ. ಬೇರೆ ಇರುವ ಕಡೆ ಹೇಳುತ್ತೇನೆ.

ಜಾಸ್ತಿ ಹೊತ್ತು ತಿಂದದ್ದು ಟೆಂಡನ್. ಸ್ನಾಯುವನ್ನು ಮೂಳೆಗೆ ಕಟ್ಟುವ ಬಿಳಿ ಪಟ್ಟಿ ಇದು. ಕೋಳಿ ಕಾಲಿನದನ್ನು ಸೂಜಿಯಿಂದ ಎಳೆಎಳೆಯಾಗಿ ಬಿಡಿಸಿದೆ. ಸುಮ್ನೆ ನೋಡಿದರೆ ಬರೀ ಬೂದು ಗೆರೆ. ಕೆಟ್ಟ ಕ್ಯಾಲ್ಕುಲೇಟರ್‌ನ ಪರದೆಯಿಂದ ಕಿತ್ತ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ) ಹಾಳೆಯ ಒಂದು ತುಂಡನ್ನು ಸ್ಲೈಡ್ ಕೆಳಗೆ, ಇನ್ನೊಂದನ್ನು ಐಪೀಸ್ ಮೇಲೆ ಅಡ್ಡ ತಿರುಗಿಸಿ ಇಟ್ಟೆ. ಸುತ್ತ ಕಪ್ಪಾಗಿ ಎಳೆಗಳು ಮಾತ್ರ ಹೊಳೆದವು, ಮೈತುಂಬ ಅಡ್ಡ ಪಟ್ಟೆ! ಅದು ಕೊಲಾಜನ್ ಎಂಬ ಗಟ್ಟಿ ಪ್ರೋಟೀನಿನ ಎಳೆಗಳ ಸುಕ್ಕು. ಚಿಮಟದಿಂದ ಮೆಲ್ಲಗೆ ಎಳೆದರೆ ಪಟ್ಟೆ ಮಾಯ. ಹಿಮ್ಮಡಿಯ ಅಖಿಲಿಸ್ ಟೆಂಡನ್‌ನಲ್ಲೂ ಹೀಗೇ: ಭಾರ ಬಿದ್ದಾಗ ಮೊದಲು ಸುಕ್ಕು ಬಿಚ್ಚುತ್ತದೆ, ಆಮೇಲೆ ಎಳೆ ಬಿಗಿಯುತ್ತದೆ.

ಇಷ್ಟರಲ್ಲಿ ಜೀವಕೋಶ ಎಲ್ಲಿ? ಹುಡುಕಿದರೆ ಅಲ್ಲೊಂದು ಇಲ್ಲೊಂದು. ಸಂಯೋಜಕ ಅಂಗಾಂಶದಲ್ಲಿ ಕೆಲಸವನ್ನು ನಿರ್ಧರಿಸುವುದು ಬಹುಮಟ್ಟಿಗೆ ಜೀವಕೋಶಗಳ ನಡುವೆ ತುಂಬಿರುವ ವಸ್ತುವೇ. ಪಠ್ಯಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ದಾಟಿಸಿಬಿಡುತ್ತವೆ. ನನಗೆ ಅದೇ ಮುಖ್ಯ ಅನ್ನಿಸಿದೆ.

ಕಾರ್ಟಿಲೇಜ್‌ಗೆ ಆಡಿನ ಶ್ವಾಸನಾಳ ಕೇಳಿದೆ. ಅಂಗಡಿಯವರು ನಾಯಿಗಾ ಅಂದರು, ಹೂಂ ಅಂದೆ. ಕ್ಯಾರೆಟ್ ಸೀಳಿ, ನಡುವೆ ತುಂಡನ್ನಿಟ್ಟು ಬ್ಲೇಡಿನಿಂದ ತೆಳ್ಳಗೆ ಕೊಯ್ದೆ. ಬಣ್ಣಕ್ಕೆ ಅಕ್ವೇರಿಯಂ ಅಂಗಡಿಯ ಮೆಥಿಲೀನ್ ಬ್ಲೂ. ನೀಲಿ ಬಯಲಲ್ಲಿ ಪುಟ್ಟ ಗೂಡುಗಳು, ಒಂದೊಂದರಲ್ಲಿ ಒಂದೋ ಎರಡೋ ಜೀವಕೋಶ. ರಕ್ತನಾಳ ಒಂದೂ ಇಲ್ಲ. ಆಹಾರ ಸುತ್ತಲಿಂದ ಇಂಗಿಕೊಂಡೇ ಬರಬೇಕು. ಮಂಡಿಯ ಕಾರ್ಟಿಲೇಜ್ ಸವೆದರೆ ಸರಿಹೋಗುವುದು ಅಷ್ಟು ಕಷ್ಟ ಯಾಕೆ ಅಂತ ಈಗ ಗೊತ್ತಾಯಿತಲ್ಲ. ನಮ್ಮ ಕಿವಿಯ ಹಾಲೆಯಲ್ಲಿ ಇದರ ಜೊತೆ ಇಲಾಸ್ಟಿನ್ ಎಂಬ ರಬ್ಬರಿನಂಥ ಪ್ರೋಟೀನಿನ ಎಳೆಗಳೂ ಇರುತ್ತವೆ, ಮಡಚಿ ಬಿಟ್ಟರೆ ವಾಪಸ್ ನಿಲ್ಲುತ್ತದೆ. ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳಲ್ಲಿ ಕೊಲಾಜನ್ ಜಾಸ್ತಿ, ಅವು ಒತ್ತಡ ತಡೆಯಬೇಕಲ್ವಾ.

ಕೊಬ್ಬಿನ ಸ್ಲೈಡ್‌ನಲ್ಲಿ ಗುಂಡಗಿನ ಹನಿಗಳು, ಅಷ್ಟೆ. ಶಕ್ತಿಯ ಸಂಗ್ರಹ, ಮೈ ಬೆಚ್ಚಗಿಡುವುದು, ಪೆಟ್ಟು ತಡೆಯುವುದು ಅದರ ಕೆಲಸ.

ರಕ್ತವೂ ಇದೇ ಗುಂಪಿಗೆ ಸೇರುತ್ತದೆ. ಅಲ್ಲಿ ನಡುವಿನ ವಸ್ತು ಪ್ಲಾಸ್ಮಾ ಎಂಬ ದ್ರವ, ರಕ್ತದ ಸುಮಾರು 55 ಶೇಕಡಾ. ಕೋಳಿಯ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇದೆ, ನಮ್ಮದರಲ್ಲಿ ಇಲ್ಲ. ನಮ್ಮದು ಸುಮಾರು 120 ದಿನ ಬಾಳುತ್ತದೆ.

ವಿನೆಗರ್‌ನಲ್ಲಿರುವ ಮೂಳೆ ಈಗ ಸ್ವಲ್ಪ ಬಾಗುತ್ತಿದೆ. ಗಟ್ಟಿತನ ಕೊಡುವ ಕ್ಯಾಲ್ಸಿಯಂ ಫಾಸ್ಫೇಟ್ ಕರಗಿ ಕೊಲಾಜನ್ ಉಳಿಯುತ್ತಿದೆ. ಇದೇ ಕೊಲಾಜನ್ ಕಾಲು ಸೂಪಿನಲ್ಲಿ ಬೆಂದು ಜೆಲಾಟಿನ್ ಆಗುತ್ತದೆ. ಫ್ರಿಜ್‌ನಲ್ಲಿಟ್ಟ ಸೂಪು ಗಟ್ಟಿಯಾಗುವುದು ಅದಕ್ಕೇ. ಅಮ್ಮ ಮಾತ್ರ, “ಆ ಬಾಟ್ಲಿ ಮೊದಲು ಅಡುಗೆಮನೆಯಿಂದ ಆಚೆ ಇಡು ಮಾರಾಯ” ಅಂತಿದ್ದಾರೆ.

ಮುಂಬೈ ಮಳೆಯಲ್ಲಿ ಸ್ಲೈಡ್ ಒಣಗುತ್ತಿಲ್ಲ. ಲೆನ್ಸ್‌ಗೆ ಬೂಸ್ಟು ಬರದಿರಲಿ ಅಂತ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿ ಇಡುತ್ತಿದ್ದೇನೆ. ಮುಂದಿನದು ಆಡಿನ ಕತ್ತಿನ ಹಳದಿ ಲಿಗಮೆಂಟ್, ಅದರಲ್ಲಿ ಇಲಾಸ್ಟಿನ್ ತುಂಬಾ. ಎಳೆದಾಗ ಪೋಲರೈಸರ್ ಕೆಳಗೆ ಟೆಂಡನ್‌ಗಿಂತ ಹೇಗೆ ಬೇರೆ ಕಾಣುತ್ತದೆ ಅಂತ ಮೊದಲು ನೋಡಬೇಕು.