ಕಲ್ಲು ನೋಡುವವನಿಗೆ ತತ್ವಶಾಸ್ತ್ರ ಯಾಕೆ?

“ನೀನು ಓದಿದ್ದು ಜಿಯಾಲಜಿ. ಮಾಡೋದು ಬೋರ್‌ವೆಲ್ ಪಾಯಿಂಟ್ ನೋಡೋ ಕೆಲಸ. ಕಪಾಟಲ್ಲಿ ಈ ತತ್ವಶಾಸ್ತ್ರದ ಪುಸ್ತಕ ಯಾಕೋ?” ಚಿಕ್ಕಪ್ಪ ಮನೆಗೆ ಬಂದಾಗಲೆಲ್ಲ ಕೇಳುತ್ತಾರೆ. ಅವರೊಬ್ಬರೇ ಅಲ್ಲ, ಬಂದವರೆಲ್ಲ ಕೇಳುತ್ತಾರೆ. ಮೊದಲೆಲ್ಲ ನಕ್ಕು ಸುಮ್ಮನಾಗುತ್ತಿದ್ದೆ. ಈಗ ಮರಡಿಹಳ್ಳಿಯ ಕಥೆ ಹೇಳುತ್ತೇನೆ.

ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿ ಹತ್ತಿರ ಒಂದು ಕಲ್ಲುಗುಡ್ಡ ಇದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ದೂರದಿಂದ ನೋಡಿದರೆ ಮಾಮೂಲಿ ಗುಡ್ಡ. ಹತ್ತಿರ ಹೋದರೆ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ ಕಾಣುತ್ತದೆ. ಲಾವಾ ನೀರೊಳಗೆ ಉಕ್ಕಿದರೆ ಹೀಗಾಗುತ್ತದೆ. ಹೊರಮೈ ತಟ್ಟನೆ ತಣಿದು ಗಟ್ಟಿಯಾಗುತ್ತದೆ, ಒಳಗಿನದು ಇನ್ನೂ ಕುದಿಯುತ್ತಿರುತ್ತದೆ. ಅದು ಸಿಪ್ಪೆ ಒಡೆದುಕೊಂಡು ಇನ್ನೊಂದು ಉಂಡೆಯಾಗಿ ಹೊರಬರುತ್ತದೆ. ಮೇಲೆ ಕೂತ ದಿಂಬು ಇನ್ನೂ ಮೆತ್ತಗಿರುವಾಗಲೇ ಕೆಳಗಿನ ಎರಡರ ಸಂದಿಗೆ ಜೋತುಬೀಳುತ್ತದೆ. ಮುಂದೆ ಇಡೀ ಬಂಡೆಯೇ ಮಗುಚಿಕೊಂಡರೂ, ಆ ಜೋತುಬಿದ್ದ ಮೂತಿ ನೋಡಿ ಅಂದು ಯಾವ ಮಗ್ಗುಲು ಕೆಳಗಿತ್ತು ಅಂತ ಹೇಳಬಹುದು.

ಅಂದರೆ, ಮಳೆಗೆ ಆಕಾಶ ನೋಡುವ ಆ ಸೀಮೆಯಲ್ಲಿ ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರು ನಿಂತಿತ್ತು. ನೋಡಿದವರು ಯಾರು? ಯಾರೂ ಇಲ್ಲ. ಇಂಥ ದಿಂಬು ಹುಟ್ಟುವುದನ್ನು ಮುಳುಗುಗಾರರು ಹವಾಯಿ ಕಡಲಲ್ಲಿ ಕಣ್ಣಾರೆ ಕಂಡು ಸಿನಿಮಾ ತೆಗೆದದ್ದೇ 1970ರ ದಶಕದಲ್ಲಿ. ಅಲ್ಲಿ ಈಗ ಹೀಗಾಗುತ್ತದೆ, ಹಾಗಾದರೆ ಇಲ್ಲಿ ಆಗಲೂ ಹೀಗೇ ಆಗಿರಬೇಕು. ಈ ‘ಆಗಿರಬೇಕು’ ಯಾವ ಕಲ್ಲಿನ ಮೇಲೂ ಬರೆದಿಲ್ಲ. ಅದನ್ನು ನಾವೇ ಹೊತ್ತುಕೊಂಡು ಹೋಗಿರುತ್ತೇವೆ.

ನಿನ್ನೆವರೆಗೆ ಹೀಗಿತ್ತು ಅಂತ ನಾಳೆಯೂ ಹೀಗೇ ಇರುತ್ತದೆ ಅನ್ನಲು ಆಧಾರ ಏನು ಅಂತ ಸ್ಕಾಟ್ಲೆಂಡಿನ ಎಡಿನ್‌ಬರೋದ ತತ್ವಜ್ಞಾನಿ ಡೇವಿಡ್ ಹ್ಯೂಮ್ ಕೇಳಿದ್ದ. ನಾವು ಹಿಂದಕ್ಕೆ ಹೋಗುತ್ತೇವೆ, ಅಷ್ಟೇ ವ್ಯತ್ಯಾಸ. ಅದೇ ಊರಿನ ಜೇಮ್ಸ್ ಹಟನ್ 1788ರಲ್ಲಿ ಸಿಕ್ಕರ್ ಪಾಯಿಂಟ್ ಎಂಬ ಕಡಲ ದಂಡೆಯಲ್ಲಿ, ನೆಟ್ಟಗೆ ನಿಂತ ಪದರಗಳ ಮೇಲೆ ಹೆಚ್ಚು ಕಡಿಮೆ ಮಲಗಿದ ಪದರಗಳನ್ನು ತೋರಿಸಿ, ಇದಕ್ಕೆ ಎಷ್ಟು ಕಾಲ ಬೇಕಾಗಿರಬಹುದು ಅಂತ ಗೆಳೆಯರ ತಲೆ ತಿರುಗಿಸಿದ. ಭೂವಿಜ್ಞಾನದ ಪಿತಾಮಹ ಅಂತ ಅವನ ಹೆಸರು ಕಾಲೇಜಿನಲ್ಲಿ ಬಾಯಿಪಾಠ ಮಾಡಿಸಿದರು. ‘ನಮಗೆ ತಿಳಿಯುವುದು ಹೇಗೆ’ ಅನ್ನುವುದರ ಬಗ್ಗೆ ಅವನು 1794ರಲ್ಲಿ ಮೂರು ದಪ್ಪ ಸಂಪುಟ ಬರೆದಿದ್ದ ಅಂತ ಯಾರೂ ಹೇಳಲಿಲ್ಲ. (ನಾನೂ ಪೂರ್ತಿ ಓದಿಲ್ಲ, ಸುಳ್ಳು ಯಾಕೆ.)

ಇದೆಲ್ಲ ಸುಮ್ನೆ ಬುದ್ಧಿಗೆ ಕಸರತ್ತು ಅನ್ನುವವರಿಗೆ ಕೆಲ್ವಿನ್ ಕಥೆ. ಅಂಥ ದೊಡ್ಡ ಭೌತವಿಜ್ಞಾನಿ, ಕಾದಿದ್ದ ಭೂಮಿ ಇಷ್ಟು ತಣಿಯಲು ಎಷ್ಟು ಕಾಲ ಬೇಕು ಅಂತ 1862ರಲ್ಲಿ ಲೆಕ್ಕ ಹಾಕಿ ಭೂಮಿಗೆ 2 ಕೋಟಿಯಿಂದ 40 ಕೋಟಿ ವರ್ಷ ಅಂದ. ಇಂದು ನಮಗೆ ಗೊತ್ತಿರುವುದು ಸುಮಾರು 454 ಕೋಟಿ. ಕೂಡಿ ಕಳೆಯುವುದರಲ್ಲಿ ಅವನು ತಪ್ಪಿರಲಿಲ್ಲ. ಭೂಮಿಯ ಒಳಗು ಗಟ್ಟಿ, ಶಾಖ ಬರೀ ಹಾಯ್ದು ಹೊರಬರುತ್ತದೆ ಅಂತ ಅಂದುಕೊಂಡಿದ್ದ. ಒಳಗೆ ಹೊಸ ಶಾಖ ಹುಟ್ಟುವುದಿಲ್ಲ ಅಂತಲೂ ಅಂದುಕೊಂಡಿದ್ದ. ಎಡವಿದ್ದು ಆ ‘ಅಂದುಕೊಂಡಿದ್ದ’ರಲ್ಲಿ.

ನಾನೂ ಎಡವಿದ್ದೇನೆ. ನಮ್ಮ ಕೆಲಸದಲ್ಲಿ ನೆಲಕ್ಕೆ ಕಂಬಿ ನೆಟ್ಟು ಕರೆಂಟ್ ಬಿಟ್ಟು ರೀಡಿಂಗ್ ತೆಗೆಯುತ್ತೇವೆ. ಕರೆಂಟ್ ಸಲೀಸಾಗಿ ಹರಿದರೆ ಅಲ್ಲಿ ನೀರು ತುಂಬಿದ ಬಿರುಕು ಇರಬಹುದು. ಒಂದು ಸಲ ಅಂಥ ರೀಡಿಂಗ್ ನೋಡಿ ಜಂಬದಿಂದ “ಇಲ್ಲೇ ಹಾಕಿಸಿ” ಅಂದೆ. ಬೋರ್ ಲಾರಿ ಬಂತು. ಮೊದಲು ಜೇಡಿ, ಆಮೇಲೆ ಮುನ್ನೂರು ಅಡಿವರೆಗೂ ಬಿಳಿ ಧೂಳು. ಜೇಡಿಯಲ್ಲೂ ಕರೆಂಟ್ ಸಲೀಸಾಗೇ ಹರಿಯುತ್ತದೆ. ಅದು ಪಾಠದಲ್ಲೇ ಇತ್ತು, ಆವತ್ತು ನನ್ನ ತಲೆಯಲ್ಲಿ ಇರಲಿಲ್ಲ. ಧೂಳು ಮೆತ್ತಿಕೊಂಡು ನಿಂತಿದ್ದ ಅಜ್ಜ ಬೈಯಲಿಲ್ಲ. “ನೀರೈತೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು ಸಾ?” ಅಂದ, ಅಷ್ಟೇ. ಪುಸ್ತಕ ಕೊಳ್ಳಲು ಶುರು ಮಾಡಿದ್ದು ಅದಾದ ಮೇಲೆ.

ಈಗ ರೈತರಿಗೆ “ನೀರಿರಬಹುದು, ಜೇಡಿಯೂ ಇರಬಹುದು, ಇನ್ನೊಂದು ಕಡೆ ನೋಡೋಣ” ಅನ್ನುತ್ತೇನೆ. ಪಕ್ಕದೂರಲ್ಲಿ ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರಿದ್ದಾರೆ. ಅವರ ಬಾಯಲ್ಲಿ ‘ಇರಬಹುದು’ ಬರುವುದೇ ಇಲ್ಲ. ಗಿರಾಕಿಗಳು ಅವರಿಗೇ ಜಾಸ್ತಿ.